ಮನೆ ಮಾರಿದರೂ ತೀರದ ಸಾಲ: ಇಂಗ್ಲೆಂಡಿನ ಸಾಲಿಸಿಟರ್ ಪದ್ಧತಿಯಿಂದ ವರ್ತಕರಿಗೊಂದು ಪಾಠ

ವ್ಯಾಪಾರದ ಬಂಡವಾಳಕ್ಕಾಗಿ ವಾಸದ ಮನೆಯನ್ನು ಅಡಮಾನವಿಟ್ಟು ಸಾಲ ಪಡೆಯುವುದು ಸಣ್ಣ ವರ್ತಕರಲ್ಲಿಯೂ ಸಣ್ಣ ಕೈಗಾರಿಕೋದ್ಯಮಿಗಳಲ್ಲಿಯೂ ತೀರ ಸಾಮಾನ್ಯವಾದ ಸಂಗತಿ. ಸಾಲಪತ್ರಕ್ಕೆ ಪತಿ ಪತ್ನಿ ಇಬ್ಬರೂ ಸಹಿ ಹಾಕಿರುತ್ತಾರೆ. ಸಂಸಾರ ಸುಗಮವಾಗಿ ನಡೆಯುವಷ್ಟು ಕಾಲ ಆ ಎರಡು ಸಹಿಗಳ ಅರ್ಥವನ್ನು ಯಾರೂ ಯೋಚಿಸುವುದಿಲ್ಲ. ವಿಚ್ಛೇದನದ ಪ್ರಸಂಗ ಬಂದು, ಮನೆ ಮಾರಿ, ಬಂದ ಹಣದಲ್ಲಿ ಸಾಲ ತೀರಿಸಿ, ಉಳಿದದ್ದನ್ನು ಹಂಚಿಕೊಳ್ಳುವ ಹಂತದಲ್ಲಿ ಅದರ ಅರ್ಥ ತಿಳಿಯುತ್ತದೆ. ಮನೆ ಮಾರಾಟವಾಗುತ್ತದೆ, ಹಣ ವಕೀಲರ ಖಾತೆಗೆ ಬರುತ್ತದೆ, ಆದರೆ ಕೆಲವು ತಿಂಗಳ ತರುವಾಯ ಸಾಲ ಕೊಟ್ಟ ಸಂಸ್ಥೆಯಿಂದ ಬಾಕಿಯ ನೋಟೀಸು ಮನೆಬಾಗಿಲಿಗೆ ಬರುತ್ತದೆ.

ಇಂತಹ ಪ್ರಸಂಗ ಹೇಗೆ ಉಂಟಾಗುತ್ತದೆ, ಹೊಣೆ ಯಾರದು, ಪರಿಹಾರವೇನು ಎಂಬುದನ್ನು ಇಂಗ್ಲೆಂಡ್ ಮತ್ತು ವೇಲ್ಸ್‌ನ ಪದ್ಧತಿಯನ್ನು ಆಧಾರವಾಗಿಟ್ಟುಕೊಂಡು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ. ಆ ದೇಶವನ್ನು ಆಯ್ದುಕೊಂಡಿರುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ಅಲ್ಲಿ ಮನೆ ಮಾರಾಟದ ಹಣವು ಸಾಮಾನ್ಯವಾಗಿ ಸಾಲಿಸಿಟರ್ ಎಂಬ ವಕೀಲರ ಖಾತೆಯ ಮೂಲಕವೇ ಹಾದುಹೋಗುತ್ತದೆ. ಆ ಖಾತೆಗೆ ಲಿಖಿತ ನಿಯಮಗಳಿರುವುದರಿಂದ ತಪ್ಪು ಎಲ್ಲಿ ನಡೆಯಿತೆಂಬುದನ್ನು ಸ್ಪಷ್ಟವಾಗಿ ಗುರುತಿಸಬಹುದು. ಎರಡನೆಯದಾಗಿ, ನಮ್ಮ ಸದಸ್ಯರಲ್ಲಿ ಕೆಲವರ ಬಂಧುಗಳು ಅಲ್ಲಿ ನೆಲೆಸಿದ್ದಾರೆ. ಕೆಲವರು ಅಲ್ಲಿನ ಅಂಗಡಿಗಳಿಗೆ ಸರಕು ಕಳುಹಿಸುತ್ತಾರೆ.

ಹಣ ಸಾಗುವ ದಾರಿ

ಮಾರಾಟಗಾರರ ಪರವಾಗಿ ಕೆಲಸ ಮಾಡುವ ಸಾಲಿಸಿಟರ್ ಮೊದಲು ಅಡಮಾನ ಪಡೆದ ಬ್ಯಾಂಕಿನಿಂದ ಚುಕ್ತಾ ಮೊತ್ತದ ಪತ್ರವನ್ನು ತರಿಸಿಕೊಳ್ಳುತ್ತಾನೆ. ಇಂತಹ ದಿನಾಂಕಕ್ಕೆ ಇಷ್ಟು ಮೊತ್ತ, ಅನಂತರ ದಿನಕ್ಕೆ ಇಷ್ಟು ಬಡ್ಡಿ ಎಂದು ಅದರಲ್ಲಿ ನಮೂದಾಗಿರುತ್ತದೆ. ವ್ಯವಹಾರ ಪೂರ್ಣಗೊಳ್ಳುವ ದಿನ ಕೊಳ್ಳುವವರ ಹಣ ಈತನ ಕಕ್ಷಿದಾರರ ಖಾತೆಗೆ ಜಮೆಯಾಗುತ್ತದೆ. ಅದರಿಂದ ಅಡಮಾನದ ಸಾಲವನ್ನು ತೀರಿಸುವೆನೆಂದು ಆತ ಎದುರು ಪಕ್ಷದ ಸಾಲಿಸಿಟರ್‌ಗೆ ಮುಚ್ಚಳಿಕೆ ಕೊಟ್ಟಿರುತ್ತಾನೆ. ಸಾಲ ತೀರಿದ ಮೇಲೆ ಬ್ಯಾಂಕು ಋಣಭಾರವನ್ನು ಬಿಟ್ಟುಕೊಡುತ್ತದೆ. ಭೂನೋಂದಣಿ ಕಚೇರಿಯ ದಾಖಲೆಯಿಂದ ಅದು ತೆಗೆದುಹಾಕಲ್ಪಡುತ್ತದೆ.

ಕಕ್ಷಿದಾರರ ಖಾತೆಯ ನಿಯಮಗಳು ಕಟ್ಟುನಿಟ್ಟಾದವು. ಸಾಲಿಸಿಟರ್‌ಗಳ ನಿಯಂತ್ರಣ ಪ್ರಾಧಿಕಾರದ ಈಗಿನ ಲೆಕ್ಕಪತ್ರ ನಿಯಮಗಳು 2019ರ ನವೆಂಬರ್ 25ರಿಂದ ಜಾರಿಯಲ್ಲಿವೆ. ಕಕ್ಷಿದಾರರ ಹಣವನ್ನು ಸಂಸ್ಥೆಯ ಸ್ವಂತ ಹಣದಿಂದ ಪ್ರತ್ಯೇಕವಾಗಿಡತಕ್ಕದ್ದು; ಇಟ್ಟುಕೊಳ್ಳಲು ಯುಕ್ತ ಕಾರಣ ಇಲ್ಲವಾದೊಡನೆ ವಿಳಂಬವಿಲ್ಲದೆ ಹಿಂದಿರುಗಿಸತಕ್ಕದ್ದು; ಕನಿಷ್ಠ ಐದು ವಾರಗಳಿಗೊಮ್ಮೆ ಬ್ಯಾಂಕಿನ ಲೆಕ್ಕದೊಡನೆ ತಾಳೆ ನೋಡತಕ್ಕದ್ದು; ತಪ್ಪು ಕಂಡುಬಂದರೆ ಕೂಡಲೇ ಸರಿಪಡಿಸತಕ್ಕದ್ದು.

ಒಂದು ಉದಾಹರಣೆ

ವಿಷಯ ಸ್ಪಷ್ಟವಾಗಲೆಂದು ಒಂದು ಕಲ್ಪಿತ ಲೆಕ್ಕವನ್ನು ತೆಗೆದುಕೊಳ್ಳೋಣ. ಲೆಸ್ಟರ್ ನಗರದಲ್ಲಿ ಬಟ್ಟೆ ಅಂಗಡಿ ನಡೆಸುತ್ತಿದ್ದ ದಂಪತಿ ವಿಚ್ಛೇದನ ಪಡೆದು ಮನೆ ಮಾರುತ್ತಾರೆ.

ಮನೆಯ ಮಾರಾಟ ಬೆಲೆ: 3,00,000 ಪೌಂಡು
ಮನೆಯ ಅಡಮಾನ ಸಾಲ: 1,40,000 ಪೌಂಡು
ಅದೇ ಮನೆಯ ಮೇಲೆ ಎರಡನೆಯ ಅಡಮಾನವಾಗಿ ಪಡೆದ ಅಂಗಡಿ ಸಾಲ: 35,000 ಪೌಂಡು
ಭದ್ರತೆಯಿಲ್ಲದ ಜಂಟಿ ಸಾಲ: 15,000 ಪೌಂಡು
ದಲ್ಲಾಳಿ ಹಾಗೂ ವಕೀಲರ ವೆಚ್ಚ: 7,000 ಪೌಂಡು
ಉಳಿಕೆ: 1,03,000 ಪೌಂಡು, ತಲಾ 51,500 ಪೌಂಡು

ಮೇಲ್ನೋಟಕ್ಕೆ ಲೆಕ್ಕ ಸರಳವಾಗಿದೆ. ಆದರೆ ಇಲ್ಲಿರುವ ಮೂರು ಸಾಲಗಳು ಒಂದೇ ಜಾತಿಯವಲ್ಲ ಎಂಬುದನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಮೊದಲ ಎರಡು ಸಾಲಗಳು ಮನೆಯ ಹಕ್ಕಿಗೆ ಅಂಟಿಕೊಂಡಿವೆ. ಅವು ತೀರದಿದ್ದರೆ ಕೊಂಡವರಿಗೆ ಋಣಮುಕ್ತ ಹಕ್ಕು ದೊರೆಯುವುದಿಲ್ಲ. ಆದಕಾರಣ ಕೊಂಡವರ ಸಾಲಿಸಿಟರ್ ಅವುಗಳನ್ನು ತೀರಿಸುವಂತೆ ಒತ್ತಾಯಿಸುತ್ತಾನೆ. ಮೂರನೆಯ ಸಾಲ ಮನೆಯ ದಾಖಲೆಯಲ್ಲಿ ಇಲ್ಲವೇ ಇಲ್ಲ. ಅದು ತೀರಿತೋ ಇಲ್ಲವೋ ಎಂದು ಕೇಳುವ ಅಗತ್ಯ ಕೊಂಡವರಿಗಿಲ್ಲ. ಅದನ್ನು ತೀರಿಸಬೇಕಾದರೆ ಮಾರಾಟಗಾರರಿಬ್ಬರ ಲಿಖಿತ ಸೂಚನೆಯಾಗಲಿ ನ್ಯಾಯಾಲಯದ ಆದೇಶವಾಗಲಿ ಸಾಲಿಸಿಟರ್‌ನ ಕಡತದಲ್ಲಿರಬೇಕು. ಸಾಲ ತೀರದೆ ಉಳಿಯುವ ಪ್ರಸಂಗ ಬಹುಮಟ್ಟಿಗೆ ಉದ್ಭವಿಸುವುದು ಈ ಮೂರನೆಯ ಸಾಲಿನಲ್ಲಿಯೇ.

ನ್ಯಾಯಾಲಯದ ಆದೇಶವು ಸಾಲ ಕೊಟ್ಟವನನ್ನು ಕಟ್ಟಿಹಾಕದು

ಅಲ್ಲಿ ವಿಚ್ಛೇದನದ ಹಣಕಾಸಿನ ವಿಷಯಗಳು 1973ರ ವೈವಾಹಿಕ ಮೊಕದ್ದಮೆಗಳ ಕಾಯಿದೆಗೆ ಒಳಪಟ್ಟಿವೆ. ಮನೆಯನ್ನು ಮಾರುವಂತೆಯೂ, ಬಂದ ಹಣದಿಂದ ಇಂತಿಂತಹ ಪಾವತಿ ಮಾಡುವಂತೆಯೂ ಆದೇಶಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಪಕ್ಷಗಾರರು ತಾವೇ ಒಪ್ಪಿಕೊಂಡು ಸಲ್ಲಿಸಿದ ಕರಾರನ್ನು ನ್ಯಾಯಾಧೀಶರು ಸಮ್ಮತಿ ಆದೇಶವಾಗಿ ಹೊರಡಿಸುವುದೂ ಉಂಟು.

ಆ ಆದೇಶದಲ್ಲಿ “15,000 ಪೌಂಡಿನ ಸಾಲವನ್ನು ಪತಿಯೇ ತೀರಿಸತಕ್ಕದ್ದು” ಎಂದಿದೆಯೆಂದು ಭಾವಿಸೋಣ. ಪತ್ನಿಯು ತನ್ನ ಹೊಣೆ ಮುಗಿಯಿತೆಂದು ತಿಳಿಯುವುದು ಸಹಜ. ಆದರೆ ಸಾಲ ಕೊಟ್ಟ ಸಂಸ್ಥೆ ಆ ಮೊಕದ್ದಮೆಯಲ್ಲಿ ಪಕ್ಷಗಾರನಾಗಿರಲಿಲ್ಲ. ಸಾಲಪತ್ರಕ್ಕೆ ಇಬ್ಬರೂ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆಗಾರರಾಗಿ ಸಹಿ ಹಾಕಿದ್ದರೆ, ಸಂಸ್ಥೆಯು ಇಬ್ಬರಲ್ಲಿ ಯಾರಿಂದಲಾದರೂ ಪೂರ್ಣ ಮೊತ್ತವನ್ನು ಕೇಳಬಹುದು. ಪತ್ನಿಯ ಮೇಲೆ ಬರುವ ಹೊಣೆ 7,500 ಅಲ್ಲ, 15,000. ಅದನ್ನು ಕಟ್ಟಿದ ಬಳಿಕ ಆದೇಶದ ಆಧಾರದ ಮೇಲೆ ಪತಿಯಿಂದ ವಸೂಲಿ ಮಾಡಿಕೊಳ್ಳುವ ಹಕ್ಕು ಆಕೆಗಿದೆ. ಸಾಲಗಾರ ಸಂಸ್ಥೆಯನ್ನು ತಡೆಯುವ ಹಕ್ಕಿಲ್ಲ.

ವರ್ತಕರಿಗೆ ಇದರ ಪೆಟ್ಟು ಮೊತ್ತಕ್ಕಿಂತಲೂ ದೊಡ್ಡದು. ಕಂತು ತಪ್ಪಿ ಸಾಲವು ಸುಸ್ತಿಯೆಂದು ದಾಖಲಾದರೆ ಆ ನಮೂದು ಅಲ್ಲಿನ ಸಾಲ ಇತಿಹಾಸದ ದಾಖಲೆಯಲ್ಲಿ ಆರು ವರ್ಷ ಉಳಿಯುತ್ತದೆ. ವಿಚ್ಛೇದನದ ತರುವಾಯ ಅಂಗಡಿಯನ್ನು ಒಬ್ಬಳೇ ಮುಂದುವರಿಸಲು ಹೊರಟ ಮಹಿಳೆಗೆ ಸಗಟು ವ್ಯಾಪಾರಿಯ ಉದ್ದರಿ ಸರಕೂ ಬ್ಯಾಂಕಿನ ಓವರ್‌ಡ್ರಾಫ್ಟೂ ಅತ್ಯಂತ ಅಗತ್ಯವಾಗಿರುವ ಕಾಲದಲ್ಲಿಯೇ ಎರಡೂ ಕೈತಪ್ಪಬಹುದು.

ತಪ್ಪು ನಾಲ್ಕು ಬಗೆ

ಸಾಲಿಸಿಟರ್ ಸಾಲ ತೀರಿಸಲಿಲ್ಲ ಎಂಬ ಒಂದೇ ಮಾತಿನೊಳಗೆ ನಾಲ್ಕು ಬೇರೆ ಬೇರೆ ಸಂಗತಿಗಳು ಅಡಗಿರಬಹುದು. ಯಾವುದೆಂದು ಗುರುತಿಸದೆ ಪರಿಹಾರ ಹುಡುಕಿದರೆ ಕಾಲವೂ ಹಣವೂ ವ್ಯರ್ಥವಾಗುತ್ತವೆ.

1. ಸೂಚನೆಯ ಅಭಾವ. ಮೂರನೆಯ ಸಾಲವನ್ನು ತೀರಿಸುವಂತೆ ಆತನಿಗೆ ಯಾರೂ ಬರೆದು ತಿಳಿಸಿಲ್ಲ. ಅಥವಾ ಪತಿ ಒಂದು ಹೇಳಿ ಪತ್ನಿ ಇನ್ನೊಂದು ಹೇಳಿದ್ದಾರೆ. ಇಬ್ಬರೂ ಕಕ್ಷಿದಾರರಾಗಿರುವಾಗ ಒಬ್ಬರ ಮಾತಿನಂತೆ ಹಣ ಕೊಡಲು ಆತನಿಗೆ ಬರುವುದಿಲ್ಲ. ಹಣ ಖಾತೆಯಲ್ಲಿಯೇ ನಿಲ್ಲುತ್ತದೆ. ಇದು ಸಾಲಿಸಿಟರ್‌ನ ತಪ್ಪಲ್ಲ. ಸಮ್ಮತಿ ಪತ್ರದಿಂದಲೋ ನ್ಯಾಯಾಲಯದಿಂದಲೋ ಬಗೆಹರಿಯಬೇಕಾದ ವಿವಾದ.

2. ವಿಳಂಬ. ಸೂಚನೆ ಇದೆ, ಹಣವೂ ಇದೆ, ಕಡತ ಮಾತ್ರ ಚಲಿಸಿಲ್ಲ. 1,40,000 ಪೌಂಡಿಗೆ ವಾರ್ಷಿಕ ಶೇಕಡಾ 6ರ ಬಡ್ಡಿಯೆಂದರೆ ದಿನಕ್ಕೆ ಸುಮಾರು 23 ಪೌಂಡು. ನಲವತ್ತು ದಿನ ತಡವಾದರೆ 920 ಪೌಂಡು. ಆತನ ಕಚೇರಿಯ ವಿಳಂಬದಿಂದ ಉಂಟಾದ ಈ ನಷ್ಟವನ್ನು ಆತನಿಂದಲೇ ಕೇಳಬಹುದು.

3. ಅಜಾಗರೂಕತೆ. ಮೊತ್ತವನ್ನೋ ಖಾತೆಯನ್ನೋ ತಪ್ಪಾಗಿ ತಿಳಿದು ಸಾಲದ ಒಂದು ಭಾಗವನ್ನು ಮಾತ್ರ ಕಟ್ಟುವುದು.

4. ಅಪ್ರಾಮಾಣಿಕತೆ. ಹಣವನ್ನು ಬೇರೆಡೆಗೆ ಬಳಸುವುದು. ಇದು ವಿರಳ, ಆದರೆ ಇಲ್ಲದ್ದಲ್ಲ. ಆಕ್ಸಿಯಮ್ ಇನ್ಸ್ ಎಂಬ ದೊಡ್ಡ ಕಾನೂನು ಸಂಸ್ಥೆಯಲ್ಲಿ ಕಕ್ಷಿದಾರರ 6 ಕೋಟಿ ಪೌಂಡಿಗೂ ಹೆಚ್ಚಿನ ಹಣ ಖಾತೆಯಲ್ಲಿ ಇಲ್ಲದಿರುವುದು ಬಹಿರಂಗವಾದ ಮೇಲೆ, 2023ರ ಅಕ್ಟೋಬರ್‌ನಲ್ಲಿ ನಿಯಂತ್ರಣ ಪ್ರಾಧಿಕಾರವು ಅದನ್ನು ಮುಚ್ಚಿಸಿತು.

ಎರಡು ಖಾತೆಗಳ ಮೊಕದ್ದಮೆ

ಮೂರನೆಯ ಬಗೆಯ ತಪ್ಪಿಗೆ ಅಲ್ಲಿನ ಸುಪ್ರೀಂ ಕೋರ್ಟು 2014ರ ನವೆಂಬರ್ 5ರಂದು ತೀರ್ಪಿತ್ತ ಎಐಬಿ ಗ್ರೂಪ್ ವಿರುದ್ಧ ಮಾರ್ಕ್ ರೆಡ್ಲರ್ ಅಂಡ್ ಕಂಪನಿ ಮೊಕದ್ದಮೆ ಒಳ್ಳೆಯ ನಿದರ್ಶನ. ಅದು ವಿಚ್ಛೇದನದ ಪ್ರಕರಣವಲ್ಲ, ಸಾಲ ಬದಲಾವಣೆಯ ಪ್ರಕರಣ. ಆದರೆ ಸಾಲಿಸಿಟರ್‌ನ ಕರ್ತವ್ಯ ಎರಡರಲ್ಲಿಯೂ ಒಂದೇ.

2006ರಲ್ಲಿ ಬ್ಯಾಂಕೊಂದು 42.5 ಲಕ್ಷ ಪೌಂಡು ಬೆಲೆಯೆಂದು ಅಂದಾಜಿಸಲಾಗಿದ್ದ ಮನೆಯ ಆಧಾರದ ಮೇಲೆ ದಂಪತಿಗೆ 33 ಲಕ್ಷ ಪೌಂಡು ಸಾಲ ಕೊಡಲು ಒಪ್ಪಿತು. ಹಳೆಯ ಬ್ಯಾಂಕಿನ ಸುಮಾರು 15 ಲಕ್ಷ ಪೌಂಡಿನ ಸಾಲವನ್ನು ಮೊದಲು ಪೂರ್ಣವಾಗಿ ತೀರಿಸಬೇಕೆಂಬುದು ಷರತ್ತು. ಆ ಹಳೆಯ ಸಾಲ ಎರಡು ಖಾತೆಗಳಲ್ಲಿತ್ತು. ಸಾಲಿಸಿಟರ್ ಕಚೇರಿಯು ತಪ್ಪು ತಿಳಿದು ಒಂದು ಖಾತೆಯ ಮೊತ್ತವನ್ನು ಮಾತ್ರ ಕಟ್ಟಿ ಉಳಿದದ್ದನ್ನು ದಂಪತಿಗೆ ಕೊಟ್ಟುಬಿಟ್ಟಿತು. ಸುಮಾರು 3,09,000 ಪೌಂಡು ತೀರದೆ ಉಳಿಯಿತು. ಹಳೆಯ ಬ್ಯಾಂಕಿನ ಋಣಭಾರವೂ ಉಳಿಯಿತು. ಮುಂದೆ ದಂಪತಿ ಕಂತು ಕಟ್ಟಲಾರದೆ ಹೋದರು. 2011ರಲ್ಲಿ ಮನೆ ಕೇವಲ 12 ಲಕ್ಷ ಪೌಂಡಿಗೆ ಮಾರಾಟವಾಯಿತು.

ಹೊಸ ಬ್ಯಾಂಕು ತನ್ನ ಒಟ್ಟು ನಷ್ಟವಾದ ಸುಮಾರು 25 ಲಕ್ಷ ಪೌಂಡನ್ನು ಸಾಲಿಸಿಟರ್ ಸಂಸ್ಥೆಯಿಂದ ಕೇಳಿತು. ನ್ಯಾಯಾಲಯವು ಕೊಡಿಸಿದ್ದು ಸುಮಾರು 2,73,777 ಪೌಂಡು ಮಾತ್ರ. ಸಾಲಿಸಿಟರ್ ತನ್ನ ಕೆಲಸವನ್ನು ಸರಿಯಾಗಿ ಮಾಡಿದ್ದರೂ ಮನೆಯ ಬೆಲೆ ಕುಸಿದುದರಿಂದ ಆಗುತ್ತಿದ್ದ ನಷ್ಟಕ್ಕೆ ಆತ ಹೊಣೆಯಲ್ಲವೆಂಬುದು ತೀರ್ಪಿನ ಸಾರ.

ಇದರಿಂದ ಎರಡು ಪಾಠಗಳು ದೊರೆಯುತ್ತವೆ. ಸಾಲಗಾರ ಸಂಸ್ಥೆಯಲ್ಲಿ ತಮಗಿರುವ ಖಾತೆಗಳು ಎಷ್ಟೆಂಬುದನ್ನು, ಪ್ರತಿಯೊಂದರ ಸಂಖ್ಯೆ ಸಹಿತ, ಮಾರಾಟಗಾರರೇ ಬರೆದು ಕೊಡಬೇಕು. ಮತ್ತು, ವಕೀಲರ ತಪ್ಪು ಸಾಬೀತಾದರೂ ಆ ತಪ್ಪಿನಿಂದಲೇ ಉಂಟಾದ ನಷ್ಟವಷ್ಟೇ ದೊರೆಯುತ್ತದೆ. ನಮ್ಮ ಎಲ್ಲ ನಷ್ಟವೂ ದೊರೆಯದು.

ಪರಿಹಾರದ ಮೆಟ್ಟಿಲುಗಳು

ಬಾಕಿಯ ನೋಟೀಸು ಬಂದೊಡನೆ ಮಾಡಬೇಕಾದ ಮೊದಲ ಕೆಲಸ ದೂರು ಬರೆಯುವುದಲ್ಲ, ಸಾಲ ಕೊಟ್ಟ ಸಂಸ್ಥೆಗೆ ವಿಷಯ ತಿಳಿಸಿ ಸಾಧ್ಯವಾದಷ್ಟು ಕಂತನ್ನು ಕಟ್ಟುತ್ತಾ ಹೋಗುವುದು. ವಕೀಲರ ಮೇಲಿನ ಕೋಪಕ್ಕೆ ಕಂತು ನಿಲ್ಲಿಸಿದರೆ ಸುಸ್ತಿಯ ನಮೂದು ಬೀಳುವುದು ನಮ್ಮ ಹೆಸರಿಗೇ.

ಅನಂತರ ಸಾಲಿಸಿಟರ್ ಸಂಸ್ಥೆಯಿಂದ ಹಣ ಬಂದ ದಿನಾಂಕ, ಪ್ರತಿ ಪಾವತಿಯ ದಿನಾಂಕ ಮತ್ತು ಉಳಿಕೆಯನ್ನು ತೋರಿಸುವ ಲೆಕ್ಕವನ್ನು ಲಿಖಿತವಾಗಿ ಕೇಳಬೇಕು. ಈ ಒಂದು ಹಾಳೆಯಿಂದಲೇ ತಪ್ಪು ಯಾವ ಬಗೆಯದೆಂದು ಬಹುಮಟ್ಟಿಗೆ ತಿಳಿಯುತ್ತದೆ. ತೃಪ್ತಿಕರ ಉತ್ತರ ಬಾರದಿದ್ದರೆ ಸಂಸ್ಥೆಗೆ ವಿಧ್ಯುಕ್ತ ದೂರು ಸಲ್ಲಿಸಬೇಕು. ಉತ್ತರಕ್ಕೆ ಎಂಟು ವಾರಗಳ ಕಾಲಾವಕಾಶ ಕೊಡುವುದು ಅಲ್ಲಿನ ಪದ್ಧತಿ.

ಆ ಬಳಿಕ ಕಾನೂನು ಸೇವೆಗಳ ಓಂಬುಡ್ಸ್‌ಮನ್ ಬಳಿಗೆ ಹೋಗಬಹುದು. 2010ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ದೂರುದಾರರಿಗೆ ಶುಲ್ಕವಿಲ್ಲ. ಅತಿ ಸಣ್ಣ ಉದ್ದಿಮೆಗಳಿಗೂ ಪ್ರವೇಶವಿದೆ. 50,000 ಪೌಂಡಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಅದಕ್ಕಿದೆ. ಆದರೆ 2023ರ ಏಪ್ರಿಲ್ 1ರಿಂದ ಅವಧಿ ಬಿಗಿಯಾಗಿದೆ: ತಪ್ಪು ನಡೆದ ಅಥವಾ ಅದು ತಿಳಿಯಬೇಕಾಗಿದ್ದ ದಿನದಿಂದ ಒಂದು ವರ್ಷದೊಳಗೂ, ಸಂಸ್ಥೆಯ ಅಂತಿಮ ಉತ್ತರ ಬಂದ ಆರು ತಿಂಗಳೊಳಗೂ ದೂರು ತಲುಪಬೇಕು. ಬಾಯಿಮಾತಿನ ಭರವಸೆಗಳನ್ನು ನಂಬಿ ವರ್ಷ ಕಳೆದವರಿಗೆ ಈ ಬಾಗಿಲು ಮುಚ್ಚಿಹೋಗಬಹುದು.

ಅಪ್ರಾಮಾಣಿಕತೆಯ ಶಂಕೆಯಿದ್ದರೆ ನೇರವಾಗಿ ನಿಯಂತ್ರಣ ಪ್ರಾಧಿಕಾರಕ್ಕೆ ತಿಳಿಸಬೇಕು. ಸಂಸ್ಥೆಯ ಕಡತಗಳನ್ನೂ ಖಾತೆಗಳನ್ನೂ ವಶಪಡಿಸಿಕೊಳ್ಳುವ ಅಧಿಕಾರ ಅದಕ್ಕಿದೆ. ಹಣ ಕಳೆದುಕೊಂಡವರಿಗಾಗಿ ಅದು ಪರಿಹಾರ ನಿಧಿಯೊಂದನ್ನು ನಡೆಸುತ್ತದೆ. ಆದರೆ ಅದರಿಂದ ಹಣ ಕೊಡುವುದು ವಿವೇಚನೆಗೆ ಬಿಟ್ಟದ್ದು, ಹಕ್ಕಿನ ಬಾಬ್ತಲ್ಲ. ಅಜಾಗರೂಕತೆಯ ನಷ್ಟಕ್ಕೆ ಸಿವಿಲ್ ದಾವೆಯ ಅವಧಿ ಸಾಮಾನ್ಯವಾಗಿ ಆರು ವರ್ಷ. ಸಾಲಿಸಿಟರ್ ಸಂಸ್ಥೆಗಳಿಗೆ ವೃತ್ತಿಹೊಣೆಯ ವಿಮೆ ಕಡ್ಡಾಯವಾಗಿರುವುದರಿಂದ ಡಿಕ್ರಿಯಾದ ಹಣ ವಸೂಲಾಗುವ ಸಾಧ್ಯತೆ ಹೆಚ್ಚು.

ಸರಕು ಕೊಟ್ಟ ವರ್ತಕನ ಸ್ಥಿತಿ

ಇದುವರೆಗೆ ಮನೆ ಮಾರಿದವರ ದೃಷ್ಟಿಯಿಂದ ನೋಡಿದೆವು. ಈಗ ಎದುರು ಬದಿಯಿಂದ ನೋಡೋಣ. ಕರ್ನಾಟಕದ ಸಿದ್ಧ ಉಡುಪಿನ ಉದ್ದಿಮೆದಾರರೊಬ್ಬರು ಮೇಲಿನ ದಂಪತಿಯ ಅಂಗಡಿಗೆ ಉದ್ದರಿಯಲ್ಲಿ ಸರಕು ಕಳುಹಿಸಿದ್ದಾರೆಂದು ಇಟ್ಟುಕೊಳ್ಳಿ. “ಮನೆ ಮಾರಾಟವಾಗುತ್ತಿದೆ, ನಮ್ಮ ಸಾಲಿಸಿಟರ್ ತಮ್ಮ ಬಾಕಿಯನ್ನು ಕಳುಹಿಸುತ್ತಾರೆ” ಎಂಬ ಪತ್ರ ಬರುತ್ತದೆ. ಈ ಪತ್ರದ ಬೆಲೆ ಎಷ್ಟು?

ಹೆಚ್ಚೇನೂ ಇಲ್ಲ. ಸಾಲಿಸಿಟರ್‌ನ ಕರ್ತವ್ಯವಿರುವುದು ತನ್ನ ಕಕ್ಷಿದಾರರಿಗೆ. ಸರಕು ಕೊಟ್ಟವನಿಗೆ ಆತ ಸಾಮಾನ್ಯವಾಗಿ ಯಾವ ಹೊಣೆಯನ್ನೂ ಹೊತ್ತಿರುವುದಿಲ್ಲ. ಆದರೆ ಮಾರಾಟದ ಹಣದಿಂದ ಇಷ್ಟು ಮೊತ್ತವನ್ನು ಇಂತಹವರಿಗೆ ಕಳುಹಿಸುವೆನೆಂದು ಸಾಲಿಸಿಟರ್ ತಾನೇ ಮುಚ್ಚಳಿಕೆ ಬರೆದುಕೊಟ್ಟರೆ ಸ್ಥಿತಿ ಬದಲಾಗುತ್ತದೆ. ಮುಚ್ಚಳಿಕೆಯನ್ನು ನಿಗದಿಯಾದ ಅವಧಿಯಲ್ಲಿ ಪಾಲಿಸುವುದು ಆತನ ವೃತ್ತಿಧರ್ಮ, ತಪ್ಪಿದರೆ ಶಿಸ್ತುಕ್ರಮ. ಹೈಕೋರ್ಟು ತನ್ನ ಅಂತರ್ಗತ ಅಧಿಕಾರದಿಂದಲೂ ಅದನ್ನು ಜಾರಿಗೊಳಿಸಬಲ್ಲದು. ಆದರೆ ಈ ಅಧಿಕಾರ ಎಲ್‌ಎಲ್‌ಪಿ ಅಥವಾ ಕಂಪನಿಯ ರೂಪದ ಕಾನೂನು ಸಂಸ್ಥೆಗಳಿಗೆ ವಿಸ್ತರಿಸುವುದಿಲ್ಲವೆಂದು 2021ರ ಹಾರ್ಕಸ್ ಸಿಂಕ್ಲೇರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅಭಿಪ್ರಾಯಪಟ್ಟಿತು. ಆದ್ದರಿಂದ ಮುಚ್ಚಳಿಕೆಯಲ್ಲಿ ಸಂಸ್ಥೆಯೊಡನೆ ಸಾಲಿಸಿಟರ್ ವೈಯಕ್ತಿಕವಾಗಿಯೂ ಬದ್ಧನಾಗುವಂತೆ ಕೇಳುವುದು ಲೇಸು.

ಮುಚ್ಚಳಿಕೆ ದೊರೆಯದಿದ್ದರೆ, ಮೊದಲೇ ಡಿಕ್ರಿ ಪಡೆದಿರುವ ವರ್ತಕನಿಗೆ 1979ರ ಕಾಯಿದೆಯಂತೆ ಸಾಲಗಾರನ ಮನೆಯ ಮೇಲೆ, ಅಥವಾ ಅದರಲ್ಲಿ ಆತನಿಗಿರುವ ಪಾಲಿನ ಮೇಲೆ, ಋಣಭಾರದ ಆದೇಶ ಕೋರುವ ಮಾರ್ಗವಿದೆ. ಮನೆ ಮಾರಾಟವಾದ ಮೇಲೆ ಈ ಮಾರ್ಗದಿಂದ ಪ್ರಯೋಜನವಿಲ್ಲ.

ನಮ್ಮ ವ್ಯವಹಾರಕ್ಕೆ ಅನ್ವಯ

ನಮ್ಮ ದೇಶದ ಕಾನೂನಿನಲ್ಲಿಯೂ ಮೂಲತತ್ತ್ವ ಇದೇ ಆಗಿದೆ. 1872ರ ಭಾರತೀಯ ಕರಾರು ಕಾಯಿದೆಯ 43ನೇ ಪ್ರಕರಣದಂತೆ ಜಂಟಿ ವಾಗ್ದಾನಿಗಳಲ್ಲಿ ಯಾರೊಬ್ಬರನ್ನಾದರೂ ಪೂರ್ಣ ಸಾಲಕ್ಕೆ ಹಿಡಿಯಬಹುದು. 128ನೇ ಪ್ರಕರಣದಂತೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ವಿಸ್ತಾರವಾದುದು. 62ನೇ ಪ್ರಕರಣದಂತೆ ಹಳೆಯ ಕರಾರಿನ ಬದಲು ಹೊಸದು ಬರಬೇಕಾದರೆ ಸಾಲ ಕೊಟ್ಟವನ ಒಪ್ಪಿಗೆಯೂ ಬೇಕು. ಪರಸ್ಪರ ಸಮ್ಮತಿಯ ವಿಚ್ಛೇದನದ ರಾಜಿಪತ್ರದಲ್ಲಿ ಕಾರ್ಖಾನೆಯ ಸಾಲ ಪತಿಯದೆಂದು ಬರೆದ ಮಾತ್ರಕ್ಕೆ ಬ್ಯಾಂಕಿನ ಪುಸ್ತಕದಲ್ಲಿ ಪತ್ನಿಯ ಜಾಮೀನು ರದ್ದಾಗುವುದಿಲ್ಲ.

ಪರಿಹಾರದ ವ್ಯವಸ್ಥೆ ಮಾತ್ರ ಬೇರೆ. ಇಲ್ಲಿ ಕಕ್ಷಿದಾರರ ಹಣಕ್ಕೆ ಲೆಕ್ಕವಿಡುವುದು ವಕೀಲರ ವೃತ್ತಿ ನಿಯಮಗಳಲ್ಲಿ ಸೇರಿದೆ. ದುರ್ನಡತೆಯ ದೂರನ್ನು 1961ರ ವಕೀಲರ ಕಾಯಿದೆಯ 35ನೇ ಪ್ರಕರಣದನ್ವಯ ರಾಜ್ಯ ವಕೀಲರ ಪರಿಷತ್ತು ವಿಚಾರಿಸುತ್ತದೆ. ವಕೀಲರ ಸೇವಾ ನ್ಯೂನತೆಗಾಗಿ ಗ್ರಾಹಕರ ಆಯೋಗಕ್ಕೆ ಹೋಗಲು ಅವಕಾಶವಿಲ್ಲವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ 2024ರ ಮೇ 14ರಂದು ತೀರ್ಪಿತ್ತಿದೆ. ಆದಕಾರಣ ಹಣವನ್ನು ಮಧ್ಯವರ್ತಿಯ ಕೈಗೆ ಕೊಡದೆ, ಕೊಳ್ಳುವವರಿಂದಲೇ ಬ್ಯಾಂಕಿನ ಸಾಲದ ಖಾತೆಗೆ ನೇರವಾಗಿ ಕಟ್ಟಿಸುವುದು ಇಲ್ಲಿ ಹೆಚ್ಚು ಕ್ಷೇಮ. ಗೃಹಸಾಲವೂ ಸೇರಿದಂತೆ ವ್ಯಕ್ತಿಗಳ ವೈಯಕ್ತಿಕ ಸಾಲ ಪೂರ್ಣ ತೀರಿದ 30 ದಿನಗಳೊಳಗೆ ಮೂಲಪತ್ರಗಳನ್ನು ಹಿಂದಿರುಗಿಸಬೇಕು, ತನ್ನಿಂದಾದ ವಿಳಂಬಕ್ಕೆ ಬ್ಯಾಂಕು ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಗೆ ಬಂದಿದೆ. ಸಂಸ್ಥೆಯ ಹೆಸರಿನ ವ್ಯಾಪಾರ ಸಾಲಕ್ಕೂ ಇದು ತಾನಾಗಿಯೇ ಅನ್ವಯಿಸುತ್ತದೆಂದು ಭಾವಿಸದೆ, ಪತ್ರಗಳ ವಾಪಸಾತಿಯ ದಿನಾಂಕವನ್ನು ಬ್ಯಾಂಕಿನಿಂದ ಬರೆಸಿಕೊಳ್ಳಬೇಕು.

ನೆನಪಿಡಬೇಕಾದ ಅಂಶಗಳು

1. ಮಾರಾಟಕ್ಕೆ ಮುನ್ನ ಎಲ್ಲ ಸಾಲಗಳ ಪಟ್ಟಿ ಮಾಡಿ, ಮನೆಗೆ ಅಂಟಿದವು ಯಾವುವು, ಅಂಟದವು ಯಾವುವು ಎಂದು ವಿಂಗಡಿಸಿ. ಪ್ರತಿ ಖಾತೆಯ ಸಂಖ್ಯೆಯನ್ನು ಬರೆಯಿರಿ.
2. ಯಾವ ಸಾಲಕ್ಕೆ ಎಷ್ಟು ಮೊತ್ತ, ಯಾವ ದಿನಾಂಕದೊಳಗೆ ಎಂಬ ಸೂಚನೆಗೆ ಇಬ್ಬರೂ ಸಹಿ ಹಾಕಿ ವಕೀಲರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.
3. ಉಳಿಕೆಯನ್ನು ಹಂಚುವ ಮುನ್ನವೇ ಸಾಲಗಳು ತೀರತಕ್ಕದ್ದೆಂದು ರಾಜಿಪತ್ರದಲ್ಲಿ ಸ್ಪಷ್ಟವಾಗಿ ನಮೂದಿಸಿ.
4. ಒಬ್ಬರ ಹೊಣೆಯೆಂದು ಒಪ್ಪಿದ ಸಾಲದಿಂದ ಇನ್ನೊಬ್ಬರ ಹೆಸರನ್ನು ತೆಗೆದುಹಾಕಿದ ಪತ್ರವನ್ನು ಸಾಲ ಕೊಟ್ಟ ಸಂಸ್ಥೆಯಿಂದಲೇ ಪಡೆಯಿರಿ.
5. ಹಣ ಪಾವತಿಯಾಯಿತೆಂಬ ವಕೀಲರ ಪತ್ರಕ್ಕೆ ತೃಪ್ತರಾಗದೆ, ಸಂಸ್ಥೆಯ ಬೇಬಾಕಿ ಪತ್ರವನ್ನೂ ಋಣಭಾರ ತೆಗೆದ ದಾಖಲೆಯನ್ನೂ ಕೈಯಲ್ಲಿ ಹಿಡಿಯಿರಿ.
6. ವಿಳಂಬ ಕಂಡೊಡನೆ ಬರವಣಿಗೆಯಲ್ಲಿ ಕೇಳಿ. ದೂರಿನ ಅವಧಿಯನ್ನು ದಿನಚರಿಯಲ್ಲಿ ಗುರುತು ಹಾಕಿಕೊಳ್ಳಿ.

ಹಣವು ಮಾರಾಟಗಾರನ ಕೈಬಿಟ್ಟ ದಿನ ಸಾಲ ತೀರುವುದಿಲ್ಲ. ವಕೀಲನ ಖಾತೆ ಸೇರಿದ ದಿನವೂ ತೀರುವುದಿಲ್ಲ. ಸಾಲ ಕೊಟ್ಟವನ ಪುಸ್ತಕದಲ್ಲಿ ಜಮೆಯಾಗಿ, ಬಾಕಿ ಸೊನ್ನೆಯೆಂದು ಆತ ಬರೆದುಕೊಟ್ಟ ದಿನ ತೀರುತ್ತದೆ. ನಿತ್ಯದ ಲೇವಾದೇವಿಯಲ್ಲಿ ರಶೀದಿಯಿಲ್ಲದೆ ನೂರು ರೂಪಾಯಿಯನ್ನೂ ಕೊಡದ ವರ್ತಕ ಬಾಂಧವರು, ಮನಸ್ಸು ಕದಡಿರುವ ವಿಚ್ಛೇದನದ ದಿನಗಳಲ್ಲಿಯೂ ಅದೇ ಶಿಸ್ತನ್ನು ಪಾಲಿಸಿದರೆ ಮನೆಯೊಡನೆ ವ್ಯಾಪಾರವನ್ನೂ ಕಳೆದುಕೊಳ್ಳುವ ದುಃಸ್ಥಿತಿಯಿಂದ ಪಾರಾಗಬಹುದು.